ಸಂಗೀತ ಕಛೇರಿಗೆ ಮೊದಲು ಒಂದು ಗಂಟೆ ವೇದಿಕೆ ಬಿಟ್ಟುಕೊಡಿ

ಕಾಸರಗೋಡು, ಮಂಜೇಶ್ವರ ತಾಲೂಕುಗಳ ದೇವಸ್ಥಾನಗಳ ಆಡಳಿತ ಮೊಕ್ತೇಸರರಿಗೆ, ಉತ್ಸವ ಮತ್ತು ಬ್ರಹ್ಮಕಲಶೋತ್ಸವ ಸಮಿತಿಗಳ ಪದಾಧಿಕಾರಿಗಳಿಗೆ, ಭಜನಾ ಮಂದಿರಗಳ ಹಿರಿಯರಿಗೆ, ಧ್ವನಿ ಬೆಳಕಿನ ವ್ಯವಸ್ಥೆ ನೋಡಿಕೊಳ್ಳುವ ಎಲ್ಲ ಬಂಧುಗಳಿಗೆ ನಮಸ್ಕಾರ.

ದೀಪಾವಳಿ ಕಳೆದರೆ ನಮ್ಮೂರುಗಳಲ್ಲಿ ಜಾತ್ರೆ, ಬ್ರಹ್ಮಕಲಶ, ವಾರ್ಷಿಕೋತ್ಸವಗಳ ಸಾಲು ಶುರು. ಮೇ ಕೊನೆಗೆ ಬರುವ, ಉತ್ಸವಗಳು ಮುಗಿಯುವ ಪತ್ತನಾಜೆಯವರೆಗೆ ಬಿಡುವಿಲ್ಲ. ಆಮಂತ್ರಣ ಪತ್ರಿಕೆಗಳು ಅಚ್ಚಿಗೆ ಹೋಗುವ ಹೊತ್ತಿನಲ್ಲಿ ಒಂದು ಮಾತು ಕೇಳಿಕೊಳ್ಳಲು ಈ ಪತ್ರ. ಕಾರ್ಯಕ್ರಮಗಳ ಪಟ್ಟಿಯಲ್ಲಿ ಸಂಗೀತ ಕಛೇರಿಯ ಮೇಲೆ ಇನ್ನೊಂದು ಸಾಲು ಸೇರಿಸಿ: "ಸಂಜೆ 5ರಿಂದ 6: ಧ್ವನಿ ಹೊಂದಾಣಿಕೆ". ಆ ಒಂದು ಗಂಟೆ ವೇದಿಕೆಯಲ್ಲಿ ಕಲಾವಿದರು ಮತ್ತು ಸೌಂಡ್ಸ್‌ನವರನ್ನು ಬಿಟ್ಟು ಬೇರೆ ಯಾರೂ ಇರಬಾರದು.

ಇದು ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬ ಹುಟ್ಟಿದ ಕುಂಬಳೆಯ ಸೀಮೆ. ಪಡ್ರೆ ಮೂಲದ ಯಕ್ಷಗಾನ ಹಾಡುಗಾರ ಬಲಿಪ ನಾರಾಯಣ ಭಾಗವತರ ಪದಗಳನ್ನು ಬೆಳಗಿನವರೆಗೆ ಕೂತು ಕೇಳಿದ ಜನ ಇಲ್ಲಿದ್ದಾರೆ. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರು ಯಕ್ಷಗಾನಕ್ಕೂ ಸಂಗೀತಕ್ಕೂ ಆಸರೆಯಾಗಿದ್ದರು, ಸ್ವತಃ ಹಾಡುತ್ತಿದ್ದರು. ಒಳ್ಳೆಯ ಕಲಾವಿದರನ್ನು ಕರೆಸುವುದರಲ್ಲಿ ನಮ್ಮ ಸಮಿತಿಗಳು ಎಂದೂ ಕೈ ಬಿಗಿ ಹಿಡಿದವರಲ್ಲ. ಆದರೆ ಕರೆಸಿದ ಕಲಾವಿದರ ನಾದ ಕೊನೆಯ ಸಾಲಿನ ಕುರ್ಚಿಗೆ ಹೇಗೆ ತಲುಪಿತು ಎಂದು ಎದ್ದು ಹೋಗಿ ಕೇಳುವವರಿಲ್ಲ. ಇಷ್ಟೆಲ್ಲ ಖರ್ಚು ಮಾಡಿ ಕೊನೆಗೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗುವುದು ಅಲ್ಲಿಯೇ.

ಈಗ ನಡೆಯುವುದು ಹೀಗೆ. ನಾಲ್ಕು ಗಂಟೆಗೆ ಶುರುವಾಗುವ ಧಾರ್ಮಿಕ ಸಭೆ ಏಳೂಕಾಲಕ್ಕೆ ಮುಗಿಯುತ್ತದೆ. ಸಾಲು ಕುರ್ಚಿಗಳನ್ನು ಇಳಿಸಿ, ಜಮಖಾನ ಹಾಸಿ, ಆರು ಗಂಟೆಗೆ ಹಾಡಬೇಕಿದ್ದವರನ್ನು ಕೂರಿಸುತ್ತಾರೆ. ಭಾಷಣಕ್ಕೆ ಇಟ್ಟ ಮೈಕ್‌ಗಳನ್ನೇ ಬಗ್ಗಿಸಿ ಮುಂದಿಡುತ್ತಾರೆ. ವರ್ಣ ಹಾಡುತ್ತಾ ಗಾಯಕರು ಒಂದು ಕೈಯಲ್ಲಿ ತಾಳ ಹಾಕಿ ಇನ್ನೊಂದು ಕೈಯಲ್ಲಿ ತಮಗೆ ಕೇಳಿಸಲೆಂದು ವೇದಿಕೆಯಲ್ಲಿಟ್ಟ ಸ್ಪೀಕರನ್ನು ತೋರಿಸಿ "ಮಾನಿಟರ್ ಹೆಚ್ಚು ಮಾಡಿ" ಎಂದು ಸನ್ನೆ ಮಾಡುತ್ತಾರೆ. ಪಿಟೀಲು ಕೇಳಿಸುವಷ್ಟರಲ್ಲಿ ಎರಡು ಕೃತಿ ಮುಗಿದಿರುತ್ತದೆ. ಒಂಬತ್ತಕ್ಕೆ ನಾಟಕದವರು ಬಣ್ಣ ಹಚ್ಚಿ ಬದಿಯಲ್ಲಿ ನಿಂತಿರುವುದರಿಂದ ಮುಖ್ಯ ರಾಗದ ಆಲಾಪನೆ ಐದು ನಿಮಿಷಕ್ಕೆ ಇಳಿಯುತ್ತದೆ, ತನಿ (ಮೃದಂಗ, ಘಟದವರ ಬಿಡಿ ವಾದನ) ಮುಕ್ತಾಯದ ಒಂದು ಮೋರಾಕ್ಕೆ ಮುಗಿಯುತ್ತದೆ. ಎರಡೂವರೆ ಗಂಟೆಯ ಕಛೇರಿಯಲ್ಲಿ ಮನೋಧರ್ಮ, ಅಂದರೆ ಹಾಡುವಾಗಲೇ ಹುಟ್ಟುವ ಸಂಗೀತ, ಅರಳುವುದೇ ಮೊದಲ ಮುಕ್ಕಾಲು ಗಂಟೆ ಕಳೆದ ಮೇಲೆ. ನಾವು ಮೊದಲ ಮುಕ್ಕಾಲು ಗಂಟೆಯನ್ನು ಮೈಕ್‌ಗೆ ಕೊಟ್ಟು, ಉಳಿದದ್ದನ್ನು ಕತ್ತರಿಸುತ್ತಿದ್ದೇವೆ.

ಒಂದು ಗಂಟೆ ಏಕೆ ಬೇಕು ಎಂದು ಸಮಿತಿಯವರು ಕೇಳುವುದು ಸಹಜ. ಗಾಯನ, ಪಿಟೀಲು, ಮೃದಂಗ, ಘಟ, ತಂಬೂರಿ ಇರುವ ಕಛೇರಿಗೆ ಆರು ಮೈಕ್ ಸಾಕು: ಮೃದಂಗಕ್ಕೆ ಎರಡು, ಉಳಿದವಕ್ಕೆ ಒಂದೊಂದು. ಅವನ್ನು ಇಟ್ಟು, ಒಂದೊಂದರ ತಂತಿ ಸರಿ ಇದೆಯೇ ಎಂದು ನೋಡಲು ಹದಿನೈದು ನಿಮಿಷ. ಒಂದೊಂದೇ ಮೈಕನ್ನು ನಿಧಾನವಾಗಿ ಏರಿಸಿ, ಕುಂಯ್ ಎಂದು ಶುರುವಾಗುವ ಕಡೆ ನಿಲ್ಲಿಸಿ, ಈಕ್ವಲೈಸರಿನಲ್ಲಿ (ಬೇರೆ ಬೇರೆ ಆವರ್ತಗಳ ಧ್ವನಿಯನ್ನು ಬೇರೆ ಬೇರೆ ಏರಿಸಿಳಿಸುವ ಸಾಧನ) ಆ ಆವರ್ತವನ್ನಷ್ಟೇ 3ರಿಂದ 6 ಡೆಸಿಬೆಲ್ ಇಳಿಸಿ, ಮತ್ತೆ ಮಟ್ಟವನ್ನು ಆ ಅಂಚಿಗಿಂತ 6 ಡೆಸಿಬೆಲ್ ಕೆಳಗೆ ತರಲು ಇನ್ನು ಇಪ್ಪತ್ತು ನಿಮಿಷ. ಬೂಂ ಎಂಬ ಗುಂಗು ಹೆಚ್ಚಾಗಿ 250ರಿಂದ 500 ಹರ್ಟ್ಸ್ ನಡುವೆ ಬರುತ್ತದೆ, ಕಿವಿ ಚುಚ್ಚುವ ಕೀರಲು 2000ದಿಂದ 4000ದ ಹತ್ತಿರ. ಉಳಿದ ಹೊತ್ತು ಕಲಾವಿದರು ತಮಗೆ ಏನು ಕೇಳಬೇಕೋ ಅದನ್ನು ಮಾನಿಟರಿನಲ್ಲಿ ಕೇಳಿ ಒಪ್ಪಿಕೊಳ್ಳಲು. ತೆರೆದಿಟ್ಟ ಮೈಕ್‌ಗಳ ಸಂಖ್ಯೆ ಎರಡರಷ್ಟಾದರೆ ಫೀಡ್‌ಬ್ಯಾಕ್ (ಆ ಕುಂಯ್ ಸದ್ದು) ಬರುವ ಮಟ್ಟ 3 ಡೆಸಿಬೆಲ್ ಮುಂಚೆಯೇ ಎದುರಾಗುತ್ತದೆ. ನಿರೂಪಕರ ಮೈಕ್, ಪೋಡಿಯಂ ಮೈಕ್, ದೇವರ ನಡೆಯಲ್ಲಿ ಅರ್ಚಕರಿಗೆ ಕೊಟ್ಟ ಮೈಕ್, ಇವಿಷ್ಟನ್ನು ಕಛೇರಿಯ ಹೊತ್ತಿಗೆ ಪೂರ್ತಿ ಮುಚ್ಚಿದರೆ ಅರ್ಧ ಗೋಳು ಅಲ್ಲಿಗೇ ಮುಗಿಯುತ್ತದೆ.

ಗಾಯಕರ ಮೈಕ್ ಬಾಯಿಂದ ಅರ್ಧ ಗೇಣು ದೂರದಲ್ಲಿರಲಿ. ದೂರ ಎರಡರಷ್ಟಾದರೆ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ. ಅದನ್ನು ಸರಿದೂಗಿಸಲು ಗುಂಡಿ ತಿರುಗಿಸಿದರೆ ಪಕ್ಕದ ಮೃದಂಗವೂ ಅದರಲ್ಲಿ ಏರುತ್ತದೆ. ತೀರಾ ತುಟಿಗೆ ತಾಗಿಸಿದರೆ ಮಂದ್ರ ಉಬ್ಬಿ ಸಾಹಿತ್ಯ ಮಸುಕಾಗುತ್ತದೆ. ಪಿಟೀಲಿಗೆ ಮೈಕ್ ಒಂದು ಗೇಣಿನಷ್ಟು ದೂರದಲ್ಲಿ, ಅದರ ಮೈಮೇಲಿನ ಎರಡು ಬಾಗು ಸೀಳುಗಳ ಕಡೆ ಮುಖ ಮಾಡಿ, ಕಮಾನು ತಾಗದ ಹಾಗೆ. ನಮ್ಮ ಪದ್ಧತಿಯಲ್ಲಿ ಮೃದಂಗದವರು ಗಾಯಕರ ಬಲಕ್ಕೆ ಕೂರುವುದರಿಂದ ಬಲಮುಚ್ಚಿಗೆ (ಬಲಗೈಯ ಮುಖ) ಸಭಿಕರ ಕಡೆಗಿರುತ್ತದೆ, ತೊಪ್ಪಿ (ಎಡಗೈಯ ಮುಖ) ಹಿಂದಿನ ಪರದೆಯ ಕಡೆಗೆ. ಆದ್ದರಿಂದ ಒಂದೇ ಮೈಕ್ ಕೊಟ್ಟ ಕಡೆ ತೊಪ್ಪಿ ಮಾಯ. ತೊಪ್ಪಿಯ ಆಳವಾದ ನಾದ, ಆ ಗುಮಕಿಯಿಲ್ಲದ ಮೃದಂಗ ಬರೀ ಟಕ್ ಟಕ್.

ಆ ತೊಪ್ಪಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ರವೆಯನ್ನು ನೀರಿನಲ್ಲಿ ಕಲಸಿ ಎಡಮುಚ್ಚಿಗೆಯ ನಡುವೆ ದುಂಡಗೆ ಅಂಟಿಸುತ್ತಾರೆ. ಆ ಒದ್ದೆ ಭಾರದಿಂದಲೇ ಕೆಳಸ್ಥಾಯಿಯ ನಾದ ಹುಟ್ಟುವುದು. ಸೆಖೆಯೆಂದು ಪ್ರೀತಿಯಿಂದ ತಂದಿಡುವ ಪೆಡೆಸ್ಟಲ್ ಫ್ಯಾನಿನ ಗಾಳಿ ನೇರ ಅದರ ಮೇಲೆ ಬಿದ್ದರೆ ರವೆ ಒಣಗಿ ಬಿರಿಯುತ್ತದೆ, ಶ್ರುತಿ ಏರುತ್ತದೆ. ಮೃದಂಗದವರು ಕೃತಿಗಳ ನಡುವೆ ಬೆರಳಿನಲ್ಲಿ ನೀರು ಚಿಮುಕಿಸಿ ಒದ್ದಾಡುವುದನ್ನು ನೀವೆಲ್ಲ ಕಂಡಿದ್ದೀರಿ. ಅದೇ ಗಾಳಿ ಮೈಕ್‌ಗೆ ಬಡಿದು ಗೊರಗೊರ ಸದ್ದು ತರುತ್ತದೆ. ಫ್ಯಾನು ಬೇಕೇ ಬೇಕು, ಆದರೆ ಕಲಾವಿದರ ಹಿಂದಿನಿಂದ, ಓರೆಯಾಗಿ, ಮೈಕ್‌ಗಳ ಸಾಲು ತಪ್ಪಿಸಿ. ಜೊತೆಗೆ ಮೃದಂಗದ ಬಳಿ ಒಂದು ಚಿಕ್ಕ ಬಟ್ಟಲಿನಲ್ಲಿ ನೀರು, ಒಂದು ಬಟ್ಟೆ ತುಂಡು ಇಟ್ಟರೆ ಅವರ ಮುಖ ಅರಳುತ್ತದೆ. ತುಲಾಮಾಸದ ಮಳೆಯ ದಿನಗಳಲ್ಲಿ ತೊಂದರೆ ತಿರುಗಾ ಮುರುಗಾ: ಚರ್ಮ ತೇವ ಹೀರಿ ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ. ವಾದ್ಯಗಳು ವೇದಿಕೆಯ ಬೆಳಕಿಗೆ, ಹವೆಗೆ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ನಾವು ಕೇಳುವ ಆ ಒಂದು ಗಂಟೆಯೊಳಗೆ ಅದೂ ಸೇರಿದೆ.

ಕೊಂಬಿನಂತಿರುವ ಹಾರ್ನ್ ಸ್ಪೀಕರುಗಳ ಬಗ್ಗೆ ಒಂದು ಮಾತು. ಬಯಲಿನಲ್ಲಿ ದೂರದವರೆಗೆ ಮಾತು ಮುಟ್ಟಿಸಲು ಅವು ಚೆನ್ನ. ಆದರೆ ಸುಮಾರು 300 ಹರ್ಟ್ಸ್‌ಗಿಂತ ಕೆಳಗಿನದನ್ನು ಅವು ಬಹುತೇಕ ಕೊಡುವುದೇ ಇಲ್ಲ. ತೊಪ್ಪಿ, ತಂಬೂರಿಯ ಮಂದ್ರ ತಂತಿ, ಗಂಡಸರ ಕೆಳಸ್ಥಾಯಿ ಎಲ್ಲ ಇರುವುದು ಅದಕ್ಕಿಂತ ಕೆಳಗೆ. ಹಾರ್ನ್ ಅನ್ನು ಪ್ರಕಟಣೆಗೆ ಇಟ್ಟುಕೊಳ್ಳಿ, ಕಛೇರಿಗೆ ಬಾಕ್ಸ್ ಸ್ಪೀಕರೇ ಇರಲಿ.

ಎಲೆಕ್ಟ್ರಾನಿಕ್ ತಂಬೂರಿಯನ್ನು ದಯವಿಟ್ಟು ಸದ್ದು ಎಂದು ತಿಳಿದು ಇಳಿಸಬೇಡಿ. ಎಷ್ಟೋ ಕಡೆ ಮಿಕ್ಸರ್ (ಎಲ್ಲ ಮೈಕ್‌ಗಳ ಮಟ್ಟ ಹೊಂದಿಸುವ ಯಂತ್ರ) ಮುಂದಿರುವ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಆ ಗುಂಗನ್ನು ತೆಗೆದುಬಿಡುತ್ತಾನೆ. ಶ್ರುತಿ ಸಭಿಕರಿಗೂ ಕೇಳಬೇಕು, ಹಾಡು ನಿಂತ ಕ್ಷಣದಲ್ಲಿ ಕಿವಿಗೆ ತೆಳುವಾಗಿ ತಾಗುವಷ್ಟು. ಮೊಬೈಲಿನಲ್ಲಿ ಶ್ರುತಿ ಹಾಕುವುದಾದರೆ ಅದನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ನಿರವಲ್ ನಡುವೆ ಫೋನ್ ಬಂದು ಶ್ರುತಿ ನಿಂತರೆ ಗಾಯಕರು ಕತ್ತಲೆಯಲ್ಲಿ ಬಿಟ್ಟಂತಾಗುತ್ತಾರೆ.

ಇನ್ನು ಎಕೋ. ಇದೊಂದು ಚಟವಾಗಿಬಿಟ್ಟಿದೆ. ಭಜನೆಗೆ, ಭಾಷಣಕ್ಕೆ, ಗಾನವೈಭವಕ್ಕೆ (ವೇಷವಿಲ್ಲದ ಯಕ್ಷಗಾನ ಹಾಡುಗಾರಿಕೆ), ಎಲ್ಲದಕ್ಕೂ ಒಂದೇ ಎಕೋ. ನಮ್ಮ ಸಭಾಭವನಗಳಲ್ಲಿ ಗೋಡೆಗೆ ಟೈಲ್ಸ್, ನೆಲಕ್ಕೆ ಗ್ರಾನೈಟ್, ಮೇಲೆ ತಗಡು ಅಥವಾ ಕಾಂಕ್ರೀಟ್. ಅಲ್ಲಿ ಪ್ರತಿಧ್ವನಿ ದೇವರು ಕೊಟ್ಟದ್ದೇ ಬೇಕಾದಷ್ಟಿದೆ. ಲೆಕ್ಕ ನೋಡಿ: 20 ಮೀಟರ್ ಉದ್ದ, 12 ಮೀಟರ್ ಅಗಲ, 5 ಮೀಟರ್ ಎತ್ತರದ ಭವನದ ಒಳಗಾತ್ರ 1200 ಘನಮೀಟರ್. ಅದನ್ನು 0.161ರಿಂದ ಗುಣಿಸಿ, ಒಳಗಿನ ಮೇಲ್ಮೈಗಳು ಧ್ವನಿ ಹೀರುವ ಒಟ್ಟು ಪ್ರಮಾಣದಿಂದ ಭಾಗಿಸಿದರೆ ನಾದ ಆರಿಹೋಗಲು ಹಿಡಿಯುವ ಹೊತ್ತು ಸೆಕೆಂಡಿನಲ್ಲಿ ಸಿಗುತ್ತದೆ. ಖಾಲಿ ಭವನದ ಹೀರುವಿಕೆ 60 ಚದರಮೀಟರಿನಷ್ಟು ಎಂದಿಟ್ಟುಕೊಂಡರೆ 3.2 ಸೆಕೆಂಡ್. ಇನ್ನೂರು ಜನ ಕೂತರೆ ಒಬ್ಬೊಬ್ಬರು ಅರ್ಧ ಚದರಮೀಟರಿಗೆ ಸ್ವಲ್ಪ ಕಡಿಮೆ ಹೀರುವುದರಿಂದ ಅದು ಸುಮಾರು 1.3ಕ್ಕೆ ಇಳಿಯುತ್ತದೆ. ಸಂಜೆ ಖಾಲಿ ಭವನದಲ್ಲಿ ಸರಿಮಾಡಿದ ಧ್ವನಿ ಜನ ತುಂಬಿದ ಮೇಲೆ ಒಣಗಿದಂತೆ ಕೇಳುವುದೂ, ಜನ ಕಡಿಮೆ ಇದ್ದ ದಿನ ಸಾಹಿತ್ಯವೇ ತಿಳಿಯದಿರುವುದೂ ಇದರಿಂದಲೇ. ಮಿಕ್ಸರಿನ ಎಕೋ ಅದರ ಮೇಲೆ ಸೇರಿದರೆ ಮೃದಂಗದವರ ಲಯವಿನ್ಯಾಸವಾದ ಕೋರ್ವೆಯ ಮುಕ್ತಾಯ ಕಲಸಿ ಹೋಗುತ್ತದೆ, "ಜಗದೋದ್ಧಾರನ" ಎಂಬುದು "ದ್ಧಾರ ದ್ಧಾರ" ಆಗುತ್ತದೆ. ಹಿಂದಿನ ಗೋಡೆಗೆ ದಪ್ಪ ಬಟ್ಟೆಯನ್ನು ನೆರಿಗೆ ಹಿಡಿದು, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಇಳಿಬಿಡಿ. ಗೋಡೆಗೆ ಅಂಟಿಸಿ ಕಟ್ಟಿದರೆ ಅರ್ಧ ಪ್ರಯೋಜನವೂ ಇಲ್ಲ. ಹಳೆಯ ತೆಂಗಿನ ಮಡಲಿನ ಚಪ್ಪರದಲ್ಲಿ ಕಛೇರಿ ಇಂಪಾಗಿ ಕೇಳುತ್ತಿದ್ದುದಕ್ಕೆ ಕಾರಣ ಅದರ ಸಂದುಗೊಂದುಗಳು. ಧ್ವನಿ ಅಲ್ಲಿ ಹೊಕ್ಕು ಸಾಯುತ್ತದೆ, ತಗಡಿನಲ್ಲಿ ಬಡಿದು ವಾಪಸು ಬರುತ್ತದೆ. ಬೇಸಗೆಯ ಸಂಜೆಮಳೆಗೂ ತಗಡಿನ ಮೇಲೆ ಒಂದು ಪದರ ಮಡಲು ಅಥವಾ ಅಡಿಕೆ ಸೋಗೆ ಹಾಸಿದರೆ ಹನಿಯ ಬಡಿತ ತಗ್ಗುತ್ತದೆ. ಮಳೆಯ ಸದ್ದನ್ನು ವಾಲ್ಯೂಮಿನಿಂದ ಗೆಲ್ಲಲು ಹೋಗಬೇಡಿ.

ಉದ್ದನೆಯ ಚಪ್ಪರದಲ್ಲಿ ಹಿಂದಿನವರಿಗೆಂದು ನಡುವೆ ಇನ್ನೊಂದು ಜೊತೆ ಸ್ಪೀಕರ್ ಇಡುವಾಗ ಡಿಲೇ (ಅದರ ಧ್ವನಿಯನ್ನು ಬೇಕೆಂದೇ ತುಸು ತಡಮಾಡುವುದು) ಹಾಕಲೇಬೇಕು. ಧ್ವನಿ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಹಿಡಿಯುತ್ತದೆ. ವೇದಿಕೆಯಿಂದ 20 ಮೀಟರ್ ದೂರದ ಸ್ಪೀಕರಿಗೆ ತಂತಿಯಲ್ಲಿ ನಾದ ಕೂಡಲೇ ತಲುಪಿದರೆ, ಗಾಳಿಯಲ್ಲಿ ಬರುವುದು 58 ಮಿಲಿಸೆಕೆಂಡ್ ತಡ. ಹಿಂದೆ ಕೂತವರಿಗೆ ಪ್ರತಿ ಅಕ್ಷರವೂ ಎರಡೆರಡು ಸಲ ಕೇಳುತ್ತದೆ. ಹೆಚ್ಚಿನ ಡಿಜಿಟಲ್ ಮಿಕ್ಸರುಗಳಲ್ಲಿ ಇದಕ್ಕೆ ವ್ಯವಸ್ಥೆ ಇರುತ್ತದೆ, ಟೇಪು ಹಿಡಿದು ದೂರ ಅಳೆದು ಹಾಕಿದರಾಯಿತು.

ಯಕ್ಷಗಾನದ ಗಾನವೈಭವಕ್ಕೆ ಬೇರೆ ಜಾಗ್ರತೆ ಬೇಕು. ಸಭಾಭವನದೊಳಗೆ ಚೆಂಡೆಗೆ ಮೈಕ್ ಬೇಕಿಲ್ಲ, ಭಾಗವತರ ಮೈಕೇ ಅದನ್ನು ಬೇಕಾದ್ದಕ್ಕಿಂತ ಹೆಚ್ಚು ಹಿಡಿಯುತ್ತದೆ. ಭಾಗವತರಿಗೆ ಕೊಡುವ ಕಾರ್ಡಿಯಾಯ್ಡ್ ಮೈಕ್ ನೇರ ಹಿಂಬದಿಯಿಂದ ಬರುವ ಸದ್ದನ್ನು ಹಿಡಿಯುವುದು ತೀರಾ ಕಡಿಮೆ. ಆದ್ದರಿಂದ ಚೆಂಡೆ ಮೈಕಿನ ಬೆನ್ನಿಗೆ ಬರುವಂತೆ ಓರೆ ಮಾಡಿ ನಿಲ್ಲಿಸಿ, ಮಾನಿಟರನ್ನೂ ಆ ಕಡೆಗೇ ಇಡಿ. ಮುಂದಿನದನ್ನು ಇನ್ನೂ ಕಿರಿದಾಗಿ ಹಿಡಿಯುವ ಸೂಪರ್ ಕಾರ್ಡಿಯಾಯ್ಡ್ ಆದರೆ ನೇರ ಹಿಂದೆ ಸ್ವಲ್ಪ ಕೇಳಿಸುತ್ತದೆ, ಅದಕ್ಕೆ ಮಾನಿಟರ್ ಬದಿಗೆ ಸರಿಯಬೇಕು. ಮದ್ದಳೆಯ ಸೂಕ್ಷ್ಮ ಕೈಗಳು ಜನಕ್ಕೆ ಕೇಳಬೇಕಾದರೆ ಮೈಕ್ ಕೊಡಬೇಕಾದ್ದು ಮದ್ದಳೆಗೆ. ಧ್ವನಿವರ್ಧಕ ಇಲ್ಲದ ಕಾಲದಲ್ಲಿ ಏರುಶ್ರುತಿಯಲ್ಲಿ ಬಯಲು ತುಂಬಿಸಿದ ಪರಂಪರೆ ಇದು. ಈಗ ಮೈಕ್ ಇರುವಾಗಲೂ ಭಾಗವತರು ಚೆಂಡೆಯ ಮೇಲೆ ಕಿರುಚಬೇಕಾಗಿ ಬಂದರೆ ತಪ್ಪು ವ್ಯವಸ್ಥೆಯದ್ದು.

ಕರೆಂಟಿನ ವಿಷಯ. ಧ್ವನಿಗೆ ಒಂದು ಫೇಸ್ ಪ್ರತ್ಯೇಕ ಬಿಡಿ. ಸೀರಿಯಲ್ ಸೆಟ್ಟು, ಡಿಮ್ಮರು, ಪಾಕಶಾಲೆಯ ಗ್ರೈಂಡರು ಬೇರೆ ಫೇಸಿನಲ್ಲಿರಲಿ. ಅನ್ನಸಂತರ್ಪಣೆಗೆ ಕಾಯಿ ಅರೆಯುವ ಗ್ರೈಂಡರ್ ಚಾಲೂ ಆದಾಗ ವೋಲ್ಟೇಜ್ ಒಮ್ಮೆ ಕುಸಿದು ಡಿಜಿಟಲ್ ಮಿಕ್ಸರ್ ನಿಂತರೆ, ಅದು ಮತ್ತೆ ಏಳುವವರೆಗೆ ವೇದಿಕೆ ಮೂಕ. ಮಿಕ್ಸರಿಗೆ ಒಂದು ಸಣ್ಣ ಯುಪಿಎಸ್ ಇದ್ದರೆ ಜನರೇಟರಿಗೆ ಬದಲಾಯಿಸುವಾಗಲೂ ಕಛೇರಿ ನಿಲ್ಲುವುದಿಲ್ಲ. ಎಡೆಬಿಡದೆ ಹುಂ ಎನ್ನುವ ಸದ್ದು 50 ಅಥವಾ 100 ಹರ್ಟ್ಸ್‌ನದು. ವೇದಿಕೆಯ ಸಲಕರಣೆಗೂ ಮಿಕ್ಸರಿಗೂ ಬೇರೆ ಬೇರೆ ಕಡೆಯಿಂದ ಅರ್ತ್ ಬಂದಾಗ ಅದು ಹುಟ್ಟುತ್ತದೆ. ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟು ಕೊಡುವುದು ಮದ್ದು. ಪ್ಲಗ್ಗಿನ ಅರ್ತ್ ಪಿನ್ನು ಕಿತ್ತು ಹುಂ ನಿಲ್ಲಿಸುವ ಕೆಲಸ ಮಾತ್ರ ಯಾರೂ ಮಾಡಬೇಡಿ. ಲೋಹದ ಮೈಕ್ ಹಿಡಿದವರ ಜೀವಕ್ಕೆ ಅದು ಕುತ್ತು.

ಕಾನೂನು ನಮಗೆ ಅಡ್ಡಿಯಲ್ಲ, ಅನುಕೂಲವೇ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಳಸುವಂತಿಲ್ಲ, ಮುಚ್ಚಿದ ಸಭಾಂಗಣದ ಒಳಗಿನ ಬಳಕೆ ಬೇರೆ. ಹಬ್ಬ, ಉತ್ಸವಗಳಿಗೆ ರಾಜ್ಯ ಸರಕಾರ ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ಸಡಿಲಿಸಬಹುದು. ಸಾರ್ವಜನಿಕ ಸ್ಥಳದ ಗಡಿಯಲ್ಲಿ ಧ್ವನಿ ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75 ಡೆಸಿಬೆಲ್, ಇವೆರಡರಲ್ಲಿ ಕಡಿಮೆಯದ್ದನ್ನು ದಾಟಬಾರದು. ವಾಸದ ಪ್ರದೇಶದಲ್ಲಿ ಹಗಲಿನ ಮಿತಿ 55 ಆದ್ದರಿಂದ ಅಲ್ಲಿ ಗಡಿಯಲ್ಲಿ 65. ಸ್ಪೀಕರನ್ನು ಎತ್ತರಕ್ಕೇರಿಸಿ, ಮುಖವನ್ನು ಸಭಿಕರ ತಲೆಯತ್ತ ಬಾಗಿಸಿದರೆ ಸಭೆಗೆ ತುಂಬಾ ಕೇಳುತ್ತದೆ, ಬೇಲಿಯಾಚೆಗೆ ಕಡಿಮೆ ಹೋಗುತ್ತದೆ. ರಸಮಂಜರಿ ರಾತ್ರಿಗಳಿಗೆ ಇನ್ನೊಂದು ಅಂಕಿ ನೆನಪಿರಲಿ: 15 ನಿಮಿಷದ ಸರಾಸರಿ 100 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಮಕ್ಕಳನ್ನು ಸ್ಪೀಕರಿನ ಬುಡದಲ್ಲಿ ಕೂರಿಸಬೇಡಿ.

ಶಾಲು, ಸ್ಮರಣಿಕೆ, ದಾನಿಗಳ ಗೌರವ ಎಲ್ಲವೂ ಆಗಲಿ, ಮಂಗಳ ಹಾಡಿದ ಮೇಲೆ ಆಗಲಿ. ರಾಗ ಏರಿ ನಿಂತ ಹೊತ್ತಿನಲ್ಲಿ ನಿರೂಪಕರು ಬಂದು ಚೀಟಿ ಕೊಡುವುದು ಕಲಾವಿದರನ್ನು ಗೌರವಿಸುವ ರೀತಿಯಲ್ಲ.

ಈಗ ನಾವು ಕೇಳುಗರು ಮಾಡುವ ಕೆಲಸದ ಕುರಿತು. ಕಛೇರಿಯ ಸುದ್ದಿ, ಹೊಸ ಆಲ್ಬಮ್ಮಿನ ಕೊಂಡಿ, ಧ್ವನಿಮುದ್ರಣ ಎಲ್ಲವೂ ಇವತ್ತು ಮೊಬೈಲಿನಿಂದ ಮೊಬೈಲಿಗೆ ಹೋಗುತ್ತದೆ. ನಿಮ್ಮ ಭಿತ್ತಿಪತ್ರದಲ್ಲಿ ಪಕ್ಕವಾದ್ಯದವರ ಹೆಸರು, ಕಛೇರಿ ನಿಜವಾಗಿ ಶುರುವಾಗುವ ಹೊತ್ತು, ಮುಗಿಯುವ ಹೊತ್ತು, ಹತ್ತಿರದ ಬಸ್ ನಿಲ್ದಾಣ ಇದ್ದರೆ ಮಂಗಳೂರಿನಿಂದಲೂ ಪುತ್ತೂರಿನಿಂದಲೂ ಜನ ಬರುತ್ತಾರೆ. ಪೆರ್ಲ, ಬದಿಯಡ್ಕ, ಮುಳ್ಳೇರಿಯಾದಂಥ ಒಳ ಊರುಗಳಿಂದ ರಾತ್ರಿ ಬಸ್ಸು ಸಿಗುವುದು ಕಷ್ಟ. ಒಂಬತ್ತಕ್ಕೆ ಮುಗಿಯುತ್ತದೆಂದು ಖಚಿತವಿದ್ದರೆ ಮಾತ್ರ ಬಸ್ಸನ್ನು ನಂಬಿದ ಕೇಳುಗರು ಮನೆಯಿಂದ ಹೊರಡುವುದು. ಕಾಞಂಗಾಡು, ನೀಲೇಶ್ವರ, ಪಯ್ಯನ್ನೂರಿನ ಮಲಯಾಳಿ ರಸಿಕರೂ ನಮ್ಮ ನೆರೆಯವರೇ. ಭಿತ್ತಿಪತ್ರ ಕನ್ನಡದಲ್ಲಿ ಇರಲೇಬೇಕು, ಜೊತೆಗೆ ಮಲಯಾಳದಲ್ಲೂ ಇರಲಿ. ಹಾಡುವ ದೇವರನಾಮಗಳ ಸಾಹಿತ್ಯವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೂ ಮಲಯಾಳ ಲಿಪಿಯಲ್ಲೂ ಅಚ್ಚು ಹಾಕಿ ಬಾಗಿಲಲ್ಲಿ ಕೊಟ್ಟರೆ ಪುರಂದರದಾಸರು ಅವರ ಮನೆಗೂ ಹೋಗುತ್ತಾರೆ, ಕನ್ನಡ ಮಾತಾಡಿದರೂ ಕನ್ನಡ ಅಕ್ಷರ ಓದಲು ಕಲಿಯದ ನಮ್ಮದೇ ಮಕ್ಕಳ ಕೈಗೂ ಸಿಗುತ್ತಾರೆ.

ಧ್ವನಿಮುದ್ರಣಕ್ಕೆ ಕಲಾವಿದರ ಒಪ್ಪಿಗೆಯನ್ನು ಕರೆಯುವಾಗಲೇ ಬರಹದಲ್ಲಿ ಪಡೆಯಿರಿ. ಹಕ್ಕುಸ್ವಾಮ್ಯ ಕಾಯ್ದೆಯ 38ನೆಯ ಕಲಮಿನಂತೆ ಹಾಡಿದವರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷ ಹಕ್ಕಿದೆ, ಅದು ಪಕ್ಕವಾದ್ಯದವರಿಗೂ ಸಲ್ಲುತ್ತದೆ. ಒಪ್ಪಿಗೆ ಸಿಕ್ಕರೆ ಮಿಕ್ಸರಿನಿಂದ ಒಂದು ತಂತಿ, ಸಭೆಯ ನಡುವಿನಿಂದ ಒಂದು ಜೊತೆ ಮೈಕ್, ಎರಡನ್ನೂ ಬೇರೆ ಬೇರೆ ಮುದ್ರಿಸಿ. ಮಿಕ್ಸರಿನದ್ದರಲ್ಲಿ ಗಾಯನ ಮಾತ್ರ ದೊಡ್ಡದಾಗಿ, ಮೃದಂಗ ಎಲ್ಲೋ ದೂರದಲ್ಲಿ ಕೇಳುತ್ತದೆ. ಭವನದೊಳಗೆ ಮೃದಂಗ ತಾನೇ ಕೇಳುವುದರಿಂದ ಅದನ್ನು ಮಿಕ್ಸರಿನಲ್ಲಿ ಕಡಿಮೆ ಇಟ್ಟಿರುತ್ತಾರಷ್ಟೆ. ಸಭೆಯ ಮೈಕ್ ಆ ಕೊರತೆ ತುಂಬುತ್ತದೆ. ಅದು ವೇದಿಕೆಯಿಂದ 15 ಮೀಟರ್ ದೂರವಿದ್ದರೆ ಸುಮಾರು 43 ಮಿಲಿಸೆಕೆಂಡ್ ತಡವಾಗಿ ಹಿಡಿಯುವುದರಿಂದ, ಬೆರೆಸುವಾಗ ಮಿಕ್ಸರಿನ ಮುದ್ರಣವನ್ನು ಅಷ್ಟು ತಡಮಾಡಬೇಕು. ಮಟ್ಟದ ಶಿಖರ ಮೈನಸ್ 12 ಡೆಸಿಬೆಲ್ ಸುತ್ತ ಇರಲಿ, ತನಿ ಬಂದಾಗ ಅದು ಏರಿಯೇ ಏರುತ್ತದೆ. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋದಲ್ಲಿ ಗಂಟೆಗೆ 1 ಜಿಬಿಗಿಂತ ತುಸು ಹೆಚ್ಚು ಜಾಗ ಬೇಕು. ಹಳೆಯ ಮಾದರಿಯ ಕಾರ್ಡುಗಳಲ್ಲಿ ಒಂದು ಕಡತ 4 ಜಿಬಿ ದಾಟುವಂತಿಲ್ಲ, ಆದ್ದರಿಂದ ಇಡೀ ದಿನದ ಉತ್ಸವವನ್ನು ಒಂದೇ ಕಡತಕ್ಕೆ ಬಿಡದೆ ಪ್ರತಿ ಕಛೇರಿಗೂ ನಿಲ್ಲಿಸಿ ಹೊಸದಾಗಿ ಶುರುಮಾಡಿ.

ಹಂಚಿಕೊಳ್ಳುವ ರಸಿಕರಿಗೂ ಒಂದು ಬಿನ್ನಹ. ಒಪ್ಪಿಗೆಯಿಲ್ಲದ್ದನ್ನು ಹಾಕಬೇಡಿ. ಹಾಕುವುದಕ್ಕೆ ಹೆಸರಿಡಿ: ಕೃತಿ, ರಾಗ, ತಾಳ, ರಚನೆ, ಗಾಯಕರು, ಪಕ್ಕವಾದ್ಯದವರೆಲ್ಲರೂ, ಸ್ಥಳ, ದಿನಾಂಕ. ಹೊಸ ಆಲ್ಬಮ್ಮುಗಳಲ್ಲೂ ಪುರಂದರದಾಸರ ಪದಕ್ಕೆ "ಸಾಂಪ್ರದಾಯಿಕ" ಎಂದು ಹಾಕಿ ಕೈತೊಳೆದುಕೊಳ್ಳುವುದು, ಮೃದಂಗದವರ ಹೆಸರೇ ಇಲ್ಲದಿರುವುದು ಎದ್ದು ಕಾಣುತ್ತದೆ. ಅಂಥದ್ದನ್ನು ಹಂಚುವಾಗ ಬಿಟ್ಟುಹೋದ ಹೆಸರನ್ನು ನಾವೇ ಸೇರಿಸಿ ಬರೆಯೋಣ.

ಸಮಿತಿಗಳ ಹಿರಿಯರೇ, ಆ ಒಂದು ಗಂಟೆಯನ್ನು ಕೊಟ್ಟರೆ ನಮ್ಮಲ್ಲಿ ಇಬ್ಬರು ಮೂವರು ಸಂಬಳ ಸಂಭಾವನೆಯಿಲ್ಲದೆ ಬಂದು ಕೂರುತ್ತೇವೆ. ಒಬ್ಬರು ಕೊನೆಯ ಸಾಲಿನಲ್ಲಿ, ಒಬ್ಬರು ಎಡಬದಿಯ ಕಂಬದ ಬಳಿ, ಒಬ್ಬರು ಅಂಗಳದಾಚೆ ಬೇಲಿಯ ಹತ್ತಿರ. ಅಲ್ಲಲ್ಲಿ ಹೇಗೆ ಕೇಳುತ್ತದೆಂದು ಮಿಕ್ಸರಿನವರಿಗೆ ಬಂದು ಹೇಳುತ್ತೇವೆ. ಯಾವ ದಿನ, ಯಾವ ಊರು ಎಂದು ಆಮಂತ್ರಣದಲ್ಲಿ ಅಚ್ಚಾಗಿದ್ದರೆ ಸಾಕು, ಐದಕ್ಕೆ ಅಲ್ಲಿರುತ್ತೇವೆ.

ಇತಿ,
ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕೆಲವು ಸಂಗೀತಾಸಕ್ತರು